ಆಟದ ಮಂತ್ರಗಳಲ್ಲಿ ಪೌರ್ವಾಪರ್ಯ ವಿಚಾರ

೧

ಇಬ್ಬರು ಒಂದೇ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಎರಡು ಮಾತುಗಳನ್ನಾಡಿದರೆ ಅವುಗಳಲ್ಲಿ ಯಾವುದು ಮೊದಲು ಫಲಿಸತಕ್ಕದ್ದು? ಮೊದಲು ಹುಟ್ಟಿದ ಮಾತೋ, ಆಮೇಲೆ ಹುಟ್ಟಿದ ಮಾತೋ, ಬೇಗ ಮುಗಿಯುವ ಮಾತೋ, ಅಥವಾ ಜಾತಿಯಿಂದಲೇ ಮೇಲೆನಿಸಿದ ಮಾತೋ? ಈ ಪ್ರಶ್ನೆಯು ನಮ್ಮ ದೇಶದಲ್ಲಿ ಯಜ್ಞಶಾಲೆಯಲ್ಲಿ ಎದ್ದಿತು. ವೈಯಾಕರಣರ ಗೋಷ್ಠಿಯಲ್ಲಿ ಎದ್ದಿತು. ಧರ್ಮಾಸನದ ಮುಂದೆಯೂ ಎದ್ದಿತು. ಅದೇ ಪ್ರಶ್ನೆಯು ಅಮೆರಿಕಾ ದೇಶದ ಒಂದು ಎಲೆಯಾಟದಲ್ಲಿ ೧೯೯೩ನೆಯ ಇಸವಿಯಿಂದ ಮತ್ತೆ ಹೊಸದಾಗಿ ಎದ್ದು, ಹಲವು ಬಾರಿ ಬೇರೆ ಬೇರೆ ಉತ್ತರಗಳನ್ನು ಪಡೆದಿದೆ. ಆ ಉತ್ತರಗಳ ಚರಿತ್ರೆಯೇ ಈ ಲೇಖನದ ವಿಷಯ.

ಆಟದ ಮಾತಿಗೆ ಸಾಹಿತ್ಯಪತ್ರಿಕೆಯಲ್ಲಿ ಸ್ಥಳವೇತಕ್ಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನೀತಿಗೂ ಪಾಕಶಾಸ್ತ್ರಕ್ಕೂ ಸ್ಥಳವಿದ್ದಂತೆಯೇ ಚತುರಂಗಕ್ಕೂ ಪಗಡೆಗೂ ಸ್ಥಳವುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಳಕೊಟ್ಟರು. ಆದರೆ ಪೂರ್ವಿಕರ ಈ ಅನುಮತಿಗಿಂತಲೂ ಬಲವಾದ ಕಾರಣವೊಂದಿದೆ. ರಾಜ್ಯದ ಕಾನೂನಿಗೆ ಪ್ರಜೆಗಳು ದಂಡಭಯದಿಂದ ತಲೆಬಾಗಬಹುದು. ಆಟದ ನಿಬಂಧನೆಗೆ ತಲೆಬಾಗುವವರು ಯಾವ ಭಯವೂ ಇಲ್ಲದೆ ತಾವಾಗಿಯೇ ಬಾಗುವರು. ನಿಬಂಧನೆಯು ಅನ್ಯಾಯವೆಂದು ತೋರಿತೆಂದರೆ ಎದ್ದು ಹೋಗುವರು. ಆದುದರಿಂದ ಬಹುಜನರು ಬಹುಕಾಲ ಆಡಿದ ಒಂದು ಆಟದಲ್ಲಿ ಯಾವ ನಿಬಂಧನೆ ಉಳಿಯಿತು, ಯಾವುದು ಬಿದ್ದುಹೋಯಿತು ಎಂಬುದನ್ನು ನೋಡಿದರೆ ಮನುಷ್ಯರು ಸ್ವಭಾವತಃ ಯಾವುದನ್ನು ನ್ಯಾಯವೆಂದು ಭಾವಿಸುವರೆಂಬುದು ಸ್ವಲ್ಪಮಟ್ಟಿಗೆ ತಿಳಿಯಬರುವುದು.

ಚತುರಂಗದಲ್ಲಿ ಈ ಪ್ರಶ್ನೆಯೇ ಇಲ್ಲ. ಅಲ್ಲಿ ಒಬ್ಬನಾದ ಮೇಲೊಬ್ಬನು ಕಾಯಿ ನಡೆಸುವನು; ಒಬ್ಬನು ಕುದುರೆಯನ್ನೆತ್ತಿ ಮತ್ತೊಂದು ಮನೆಯಲ್ಲಿ ಇಡುವುದರೊಳಗೆ ಎದುರಾಳಿಯು ನಡುವೆ ಕೈಹಾಕುವಂತಿಲ್ಲ. ಪ್ರಶ್ಯಾ ದೇಶದ ಸೇನಾಧಿಕಾರಿಯಾದ ರೈಸ್ವಿಟ್ಸ್ ಎಂಬವನು ೧೮೨೪ರಲ್ಲಿ ಪ್ರಕಟಿಸಿದ ಯುದ್ಧಕ್ರೀಡೆಯಲ್ಲಿ ಎರಡು ಪಕ್ಷದವರೂ ತಮ್ಮ ತಮ್ಮ ಆಜ್ಞೆಗಳನ್ನು ಮಧ್ಯಸ್ಥನೊಬ್ಬನಿಗೆ ತಿಳಿಸುತ್ತಿದ್ದರು. ಒಂದೊಂದು ಸರದಿಯೂ ನಿಜವಾದ ಯುದ್ಧದ ಎರಡು ನಿಮಿಷಗಳಿಗೆ ಸಮವೆಂದು ಎಣಿಕೆ. ಎರಡು ಆಜ್ಞೆಗಳು ಘರ್ಷಿಸಿದಲ್ಲಿ ಮಧ್ಯಸ್ಥನ ವಿವೇಕವೇ ನಿರ್ಣಾಯಕವಾಗಿದ್ದಿತು.

ಇಂಥ ಯುದ್ಧಕ್ರೀಡೆಗಳ ವಂಶದಲ್ಲಿಯೇ ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹುಟ್ಟಿತು. ಮಾಂತ್ರಿಕರು ಆಟದಲ್ಲಿ ಪಾತ್ರಧಾರಿಗಳಾದುದರಿಂದ ಮಂತ್ರವನ್ನು ಯಾವಾಗ ಫಲಿಸಿತೆಂದು ಎಣಿಸಬೇಕೆಂಬ ತೊಡಕೂ ಅಲ್ಲಿಯೇ ಬಂದಿತು. ೧೯೭೮ರಲ್ಲಿ ಪ್ರಕಟವಾದ ಅದರ ವಿಸ್ತೃತ ಗ್ರಂಥದಲ್ಲಿ ಕೊಟ್ಟ ಉತ್ತರವು ಕಾಲಪ್ರಮಾಣವನ್ನು ಅವಲಂಬಿಸಿದ್ದಿತು. ಒಂದು ನಿಮಿಷದ ಒಂದು ಸುತ್ತನ್ನು ಹತ್ತು ಭಾಗಮಾಡಿ, ಪ್ರತಿಯೊಂದು ಮಂತ್ರದ ಉಚ್ಚಾರಣೆಗೂ ಇಂತಿಷ್ಟು ಭಾಗಗಳೆಂದು ಗೊತ್ತುಮಾಡಿದರು. 'ಮ್ಯಾಜಿಕ್ ಮಿಸೈಲ್' ಎಂಬ ಅಸ್ತ್ರಕ್ಕೆ ಒಂದು ಭಾಗ. 'ಫೈರ್‌ಬಾಲ್' ಎಂಬ ಅಗ್ನಿಗೋಲಕ್ಕೆ ಮೂರು. ಉಚ್ಚಾರಣೆ ಮುಗಿಯುವುದಕ್ಕೆ ಮೊದಲೇ ಪೆಟ್ಟು ತಿಂದ ಮಾಂತ್ರಿಕನ ಮಂತ್ರವು ವ್ಯರ್ಥವಾಗುವುದು. ಛಂದಶ್ಶಾಸ್ತ್ರವನ್ನೋದಿದವರಿಗೆ ಲಘು ಗುರುಗಳ ಮಾತ್ರಾಗಣನೆ ಇಲ್ಲಿ ನೆನಪಿಗೆ ಬಾರದಿರದು. ಚಿಕ್ಕ ಮಾತು ದೊಡ್ಡ ಮಾತನ್ನು ಗೆಲ್ಲುವುದೆಂಬುದೇ ಈ ನಿಯಮದ ತಾತ್ಪರ್ಯ. ಲೋಕದಲ್ಲಿಯೂ ಹಲವೆಡೆ ಹೀಗೆ ನಡೆಯುವುದುಂಟು. ಅದು ನ್ಯಾಯವೋ ಅಲ್ಲವೋ ಎಂಬುದು ಬೇರೆ ಮಾತು.

೨

ಪ್ರಕೃತ ಎಲೆಯಾಟದ ಹೆಸರು 'ಮ್ಯಾಜಿಕ್: ದಿ ಗ್ಯಾದರಿಂಗ್'. ಇದನ್ನು ರಚಿಸಿದವನು ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞ. ಆತನು ೧೯೯೩ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದನು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ 'ವಿಜರ್ಡ್ಸ್ ಆಫ್ ದಿ ಕೋಸ್ಟ್' ಎಂಬ ಸಂಸ್ಥೆಯವರು ಈ ಆಟವನ್ನು ಪ್ರಕಟಿಸಿದರು. ಮೊದಲ ಮುದ್ರಣದಲ್ಲಿ ೨೯೫ ಬಗೆಯ ಎಲೆಗಳಿದ್ದುವು. ಅಂದಿನಿಂದ ವರ್ಷವರ್ಷವೂ ಹೊಸ ಎಲೆಗಳು ಸೇರುತ್ತ ಬಂದು, ಅವುಗಳ ಸಂಖ್ಯೆ ಈಗ ಹತ್ತಾರು ಸಾವಿರಗಳಾಗಿದೆ. ನಮ್ಮ ಮನೆಯ ಹುಡುಗರು ಆಡುವಾಗ ಪಕ್ಕದಲ್ಲಿ ಕುಳಿತು ನೋಡಿಯೂ, ಅದರ ನಿಬಂಧನೆಗಳನ್ನು ಅವರಿಂದಲೇ ಓದಿಸಿ ಕೇಳಿಯೂ ತಿಳಿದುಕೊಂಡುದನ್ನು ಇಲ್ಲಿ ಸಂಗ್ರಹಿಸಿರುವೆನು.

ಆಡುವವರಿಬ್ಬರೂ ಮಾಂತ್ರಿಕರೆಂದು ಭಾವನೆ. ಒಬ್ಬೊಬ್ಬನಿಗೂ ಆರಂಭದಲ್ಲಿ ೨೦ ಅಂಶ ಆಯುಸ್ಸು. ಕೆಲವು ಎಲೆಗಳು ಭೂಮಿಗಳು. ಅವುಗಳಿಂದ ಬಿಳುಪು, ನೀಲಿ, ಕಪ್ಪು, ಕೆಂಪು, ಹಸುರು ಎಂಬ ಐದು ಬಣ್ಣಗಳ ಶಕ್ತಿ ಬರುವುದು. ಆ ಶಕ್ತಿಗೆ 'ಮನ' ಎಂದು ಹೆಸರು. ನಮ್ಮ ಮನಸ್ಸಿಗೂ ಆ ಶಬ್ದಕ್ಕೂ ಸಂಬಂಧವಿಲ್ಲ. ಅದು ಶಾಂತಸಾಗರದ ದ್ವೀಪವಾಸಿಗಳ ಮಾತು. ಕಾಡ್ರಿಂಗ್‌ಟನ್ ಎಂಬ ಪಾದ್ರಿಯು ೧೮೯೧ರಲ್ಲಿ ಮೆಲನೀಷ್ಯದ ಜನರನ್ನು ಕುರಿತು ಬರೆದ ಗ್ರಂಥದಿಂದ ವಿದ್ವಾಂಸರಲ್ಲಿ ಪ್ರಚುರವಾಯಿತು. ಸರದಿಗೆ ಒಂದು ಭೂಮಿಯನ್ನು ಮಾತ್ರ ಇಡಬಹುದೆಂಬುದು ಸಾಮಾನ್ಯ ನಿಯಮ. ಮಂತ್ರವೊಂದನ್ನು ಪ್ರಯೋಗಿಸಬೇಕಾದರೆ ಅದಕ್ಕೆ ವಿಧಿಸಿರುವಷ್ಟು ಮನವನ್ನು ತೆರಬೇಕು. ಹೀಗೆ ಆಡುವ ಮಾತಿಗೆಲ್ಲ ಬೆಲೆಯುಂಟು. ಬೆಲೆ ತೆರಲಾರದವನು ಮೌನವಾಗಿರಬೇಕು. ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಇದರಿಂದ ಒಂದು ಆಕ್ಷೇಪಕ್ಕೆ ಸಮಾಧಾನ ದೊರೆಯುವುದು.

ಆರಂಭಕಾಲದಲ್ಲಿ ಪ್ರಯೋಗಕಾಲವನ್ನನುಸರಿಸಿ ಮಂತ್ರಗಳಲ್ಲಿ ಮೂರು ಜಾತಿಗಳು ಮುಖ್ಯವಾಗಿದ್ದುವು. 'ಸಾರ್ಸರಿ' ಎಂಬುದನ್ನು ತನ್ನ ಸರದಿಯಲ್ಲಿ, ಬೇರೇನೂ ನಡೆಯದಿರುವಾಗ ಮಾತ್ರ ಪ್ರಯೋಗಿಸಬೇಕು. 'ಇನ್‌ಸ್ಟಂಟ್' ಎಂಬುದನ್ನು ಎದುರಾಳಿಯ ಸರದಿಯಲ್ಲಿಯೂ ಪ್ರಯೋಗಿಸಬಹುದು. ಎಲ್ಲಕ್ಕೂ ಮೇಲಿನದು 'ಇಂಟರಪ್ಟ್'. ಮತ್ತೊಬ್ಬನು ಮಂತ್ರವನ್ನು ಪ್ರಯೋಗಿಸುತ್ತಿರುವಾಗಲೇ ನಡುವೆ ಹೊಕ್ಕು ಅದನ್ನು ಕೆಡಿಸುವ ಅಧಿಕಾರವು ಅದಕ್ಕಿದ್ದಿತು. 'ಕೌಂಟರ್‌ಸ್ಪೆಲ್' ಎಂಬ ಪ್ರಸಿದ್ಧವಾದ ಪ್ರತಿಮಂತ್ರವು ಈ ಜಾತಿಯದು. ಇಂಟರಪ್ಟಿಗೆ ಪ್ರತಿಯಾಗಿ ಇನ್ನೊಂದು ಇಂಟರಪ್ಟನ್ನಲ್ಲದೆ ಇನ್‌ಸ್ಟಂಟನ್ನು ಪ್ರಯೋಗಿಸುವಂತಿರಲಿಲ್ಲ. ಅಂದರೆ ಮಂತ್ರದ ಬಲಾಬಲವು ಅದರ ಜಾತಿಯಿಂದಲೇ ನಿಶ್ಚಿತವಾಗುತ್ತಿದ್ದಿತು. ಕೆಳಗಿನ ಜಾತಿಯ ಮಾತಿಗೆ ಮೇಲಿನ ಜಾತಿಯ ಮಾತಿನೆದುರು ಬಾಯಿಯಿರಲಿಲ್ಲ.

ಇದಲ್ಲದೆ ಒಂದು ಸಂದರ್ಭದಲ್ಲಿ ಪ್ರಯೋಗಿಸಿದ ಇನ್‌ಸ್ಟಂಟುಗಳನ್ನೆಲ್ಲ ಒಂದು ಕಂತೆಯಾಗಿ ಎಣಿಸುತ್ತಿದ್ದರು. ಆ ಕಂತೆಯು ಫಲಿಸಲಾರಂಭಿಸಿತೆಂದರೆ ಸಂಪೂರ್ಣವಾಗಿ ಮುಗಿಯುವವರೆಗೂ ಯಾರೂ ಮತ್ತೊಂದು ಮಂತ್ರವನ್ನು ಸೇರಿಸುವಂತಿರಲಿಲ್ಲ. ಪೆಟ್ಟನ್ನು ತಡೆಯುವ ಮಂತ್ರಗಳಿಗೆ ಪ್ರತ್ಯೇಕವಾದ ಬೇರೊಂದು ಘಟ್ಟವಿದ್ದಿತು. ಆಯುಸ್ಸು ಪೂರ್ತಿ ತೀರಿಹೋದವನೂ ಸರದಿಯಲ್ಲಿ ಆಗ ನಡೆಯುತ್ತಿದ್ದ ಘಟ್ಟ ಮುಗಿಯುವವರೆಗೆ ಸೋತವನಾಗುತ್ತಿರಲಿಲ್ಲ. ಅಷ್ಟರೊಳಗೆ ಆಯುಸ್ಸನ್ನು ಮರಳಿ ಸಂಪಾದಿಸಿಕೊಂಡರೆ ಬದುಕಿದನು. ಶರಶಯ್ಯೆಯಲ್ಲಿ ಉತ್ತರಾಯಣವನ್ನು ಕಾಯುತ್ತಿದ್ದ ಭೀಷ್ಮಾಚಾರ್ಯರ ಸ್ಥಿತಿ ಆಟಗಾರನಿಗೆಲ್ಲ ಸುಲಭವಾಗಿದ್ದಿತೆಂದು ಹೇಳಬಹುದು.

ಮನೆಯ ಜಗುಲಿಯ ಮೇಲೆ ಆಡುವಾಗ ಇಂಥ ತೊಡಕುಗಳು ನಗೆಯಲ್ಲಿ ಮುಗಿಯುತ್ತವೆ. ಆದರೆ ೧೯೯೬ರಲ್ಲಿ ನ್ಯೂಯಾರ್ಕ್ ನಗರದಲ್ಲಿ 'ಪ್ರೊ ಟೂರ್' ಎಂಬ ಪಂದ್ಯಾವಳಿ ಆರಂಭವಾಗಿ, ಗೆದ್ದವರಿಗೆ ದೊಡ್ಡ ಮೊತ್ತದ ಬಹುಮಾನಗಳನ್ನು ಕೊಡುವ ಪದ್ಧತಿ ಬಂದ ಮೇಲೆ ನಿಬಂಧನೆಯ ಒಂದೊಂದು ಅಕ್ಷರಕ್ಕೂ ಹಣದ ತೂಕ ಬಂದಿತು. ಆಟದ ಯುಕ್ತಿಯನ್ನು ಬಲ್ಲವನಿಗಿಂತ ನಿಬಂಧನೆಗಳ ಗೊಂದಲವನ್ನು ಬಲ್ಲವನು ಮುಂದಾಗುವನೆಂಬ ಭಯವಿದ್ದಲ್ಲಿ ಸುಧಾರಣೆಯು ಅನಿವಾರ್ಯವಾಗುವುದು.

೩

ಆ ಸುಧಾರಣೆಯು ೧೯೯೯ರಲ್ಲಿ, ಆಟದ ಆರನೆಯ ಆವೃತ್ತಿಯೊಡನೆ ನಡೆಯಿತು. ಇಂಟರಪ್ಟ್ ಎಂಬ ಜಾತಿಯನ್ನೇ ತೆಗೆದುಹಾಕಿ, ಆ ಎಲೆಗಳನ್ನೆಲ್ಲ ಇನ್‌ಸ್ಟಂಟುಗಳೆಂದು ಪರಿಗಣಿಸಿದರು. ಕಂತೆಯ ಪದ್ಧತಿಯನ್ನು ಕೈಬಿಟ್ಟು 'ಸ್ಟ್ಯಾಕ್' ಎಂಬ ಪದ್ಧತಿಯನ್ನು ತಂದರು. ಸ್ಟ್ಯಾಕ್ ಎಂದರೆ ಒಂದರ ಮೇಲೊಂದರಂತೆ ಪೇರಿಸಿಟ್ಟ ರಾಶಿ. ಉಪಾಧ್ಯಾಯವೃತ್ತಿಯಲ್ಲಿದ್ದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಲೆಕ್ಕವನ್ನು ಮಾಡಿ ಮುಗಿಸಿದ ಹುಡುಗರು ಸ್ಲೇಟುಗಳನ್ನು ಮೇಜಿನ ಮೇಲೆ ಒಂದರ ಮೇಲೊಂದಾಗಿ ಇಡುವರು. ಎಲ್ಲರಿಗಿಂತ ಕಡೆಗೆ ತಂದಿಟ್ಟವನ ಸ್ಲೇಟೇ ಮೊದಲು ಉಪಾಧ್ಯಾಯನ ಕೈಗೆ ಬರುವುದು. ಮಂತ್ರಗಳ ವಿಷಯದಲ್ಲಿಯೂ ಹೀಗೆಯೇ. ಕಡೆಗೆ ಪ್ರಯೋಗಿಸಿದುದು ಮೊದಲು ಫಲಿಸುವುದು. ಮೊದಲು ಪ್ರಯೋಗಿಸಿದುದು ಕಡೆಗೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ದೇವದತ್ತನ ಬಳಿ ಒಂದು ಕರಡಿಯಿದೆ. ಅದರ ಬಲ ಎರಡು, ತಾಳಿಕೆ ಎರಡು. ಯಜ್ಞದತ್ತನು ಅದರ ಮೇಲೆ 'ಲೈಟ್ನಿಂಗ್ ಬೋಲ್ಟ್' ಎಂಬ ಸಿಡಿಲನ್ನು ಪ್ರಯೋಗಿಸುವನು. ಅದರ ಪೆಟ್ಟು ಮೂರು. ಆಗ ದೇವದತ್ತನು 'ಜೈಂಟ್ ಗ್ರೋತ್' ಎಂಬ ವೃದ್ಧಿಮಂತ್ರವನ್ನು ಹೇಳುವನು; ಅದರಿಂದ ಆ ಸರದಿ ಮುಗಿಯುವವರೆಗೆ ಬಲ ತಾಳಿಕೆಗಳೆರಡೂ ಮೂರು ಮೂರು ಹೆಚ್ಚುವುವು. ಕಡೆಗೆ ಹೇಳಿದ ವೃದ್ಧಿಯು ಮೊದಲು ಫಲಿಸಿ ಕರಡಿಯ ತಾಳಿಕೆ ಐದಾಗುವುದು. ಆಮೇಲೆ ಬಿದ್ದ ಮೂರರ ಸಿಡಿಲಿನಿಂದ ಅದು ಸಾಯದು. ಇನ್ನು ಇದನ್ನೇ ತಿರುವು ಮುರುವಾಗಿ ನೋಡೋಣ. ದೇವದತ್ತನು ಅವಸರಪಟ್ಟು ಮೊದಲೇ ವೃದ್ಧಿಮಂತ್ರವನ್ನು ಹೇಳಿದನು. ಯಜ್ಞದತ್ತನು ಅದಕ್ಕುತ್ತರವಾಗಿ ಸಿಡಿಲನ್ನು ಪ್ರಯೋಗಿಸಿದನು. ಈಗ ಸಿಡಿಲು ಮೊದಲು ಬೀಳುವುದು. ಎರಡೇ ತಾಳಿಕೆಯ ಕರಡಿ ಸಾಯುವುದು. ವೃದ್ಧಿಮಂತ್ರವು ವಿಷಯವಿಲ್ಲದೆ ನಿಷ್ಫಲವಾಗುವುದು. ಎಲೆಗಳು ಅವೇ, ಬೆಲೆಗಳು ಅವೇ, ಮಾಂತ್ರಿಕರು ಅವರೇ. ಕ್ರಮವೊಂದು ಬದಲಾದುದರಿಂದ ಕರಡಿಯ ಜೀವನ ಮರಣಗಳು ಬದಲಾದುವು.

ಈ ಪದ್ಧತಿಯ ಜೀವಾಳವಿರುವುದು ಮತ್ತೊಂದು ನಿಬಂಧನೆಯಲ್ಲಿ. ಮಂತ್ರವನ್ನು ಹೇಳಿದ ಮಾತ್ರಕ್ಕೆ ಅದು ಫಲಿಸುವುದಿಲ್ಲ. ಇಬ್ಬರಿಗೂ ಒಬ್ಬರಾದ ಮೇಲೊಬ್ಬರಿಗೆ ಮಾತನಾಡುವ ಅವಕಾಶವನ್ನು ಕೊಡಬೇಕು. ನಡುವೆ ಯಾರೂ ಏನೂ ಮಾಡದೆ, ಇಬ್ಬರೂ ಒಂದರ ಹಿಂದೊಂದಾಗಿ 'ನನಗೇನೂ ಇಲ್ಲ' ಎಂದ ಮೇಲೆಯೇ ಮೇಲಿನ ಒಂದು ಮಂತ್ರವು ಫಲಿಸತಕ್ಕದ್ದು. ಅದು ಫಲಿಸಿದೊಡನೆ ಕೆಳಗಿನದು ತಾನಾಗಿ ಫಲಿಸುವುದಿಲ್ಲ. ಮತ್ತೆ ಇಬ್ಬರಿಗೂ ಅವಕಾಶವುಂಟು. ಹಳೆಯ ಕಂತೆಯಲ್ಲಿ ಬಾಗಿಲು ಒಮ್ಮೆ ಮುಚ್ಚಿತೆಂದರೆ ಮುಗಿಯಿತು. ಇಲ್ಲಿ ಒಂದೊಂದು ಮಾತಿಗೂ ಬಾಗಿಲು ತೆರೆಯುವುದು. ಹೀಗೆ ಉಭಯರ ಮೌನವೇ ಮಂತ್ರದ ಪರಿಪಾಕಕ್ಕೆ ಕಾರಣವಾಯಿತು.

ಇಲ್ಲಿ ಒಂದು ಪೂರ್ವಪಕ್ಷ: ಕಡೆಗೆ ಮಾತನಾಡಿದವನೇ ಗೆಲ್ಲುವನೆಂದಾದರೆ ಉತ್ತರ ಪ್ರತ್ಯುತ್ತರಗಳಿಗೆ ಕೊನೆಯೆಲ್ಲಿ? ಅನವಸ್ಥಾದೋಷವು ಬಾರದೆ? ಸಮಾಧಾನವನ್ನು ಮೊದಲೇ ಸೂಚಿಸಿದೆ. ಪ್ರತಿಯೊಂದು ಮಾತಿಗೂ ಮನವನ್ನು ತೆರಬೇಕು; ಕೈಯಲ್ಲಿ ಎಲೆಯೂ ಇರಬೇಕು. ಎರಡಕ್ಕೂ ಮಿತಿಯುಂಟಾದುದರಿಂದ ಪ್ರತ್ಯುತ್ತರದ ಸರಣಿಯು ಎಲ್ಲಿಯಾದರೂ ನಿಲ್ಲಲೇಬೇಕು. ಅಧಿಕಾರವು ಇಬ್ಬರಿಗೂ ಸಮಾನ. ಸಾಮರ್ಥ್ಯವು ಅವರವರು ಕೂಡಿಟ್ಟುಕೊಂಡಂತೆ. ಮಹಾಭಾರತದ ದ್ರೋಣಪರ್ವದಲ್ಲಿ ನಾರಾಯಣಾಸ್ತ್ರಕ್ಕೆ ಪ್ರತ್ಯಸ್ತ್ರವಿಲ್ಲದಿರಲು ಆಯುಧಗಳನ್ನು ಕೆಳಗಿಟ್ಟು ಸುಮ್ಮನಿರುವುದೇ ಉತ್ತರವಾಯಿತಲ್ಲವೆ? ಈ ಆಟದಲ್ಲಿಯೂ ಬಲ್ಲವರು ಎಷ್ಟೋ ವೇಳೆ ಶಕ್ತಿಯಿದ್ದೂ ಮೌನವಾಗಿರುವರು; ಮೊದಲು ಬಾಯಿಬಿಟ್ಟವನೇ ಕೆಟ್ಟನೆಂಬುದನ್ನು ದೇವದತ್ತನ ಕರಡಿಯಿಂದ ಅವರು ಕಲಿತಿರುವರು.

೪

ನಮ್ಮ ಶಾಸ್ತ್ರಗಳಲ್ಲಿ ಕ್ರಮವಿಚಾರವು ಬಹು ವಿಸ್ತಾರವಾಗಿದೆ. ಜೈಮಿನಿಯ ಹನ್ನೆರಡು ಅಧ್ಯಾಯಗಳ ಮೀಮಾಂಸಾಸೂತ್ರದಲ್ಲಿ ಐದನೆಯ ಅಧ್ಯಾಯವೆಲ್ಲವೂ ಕ್ರಮಕ್ಕೇ ಮೀಸಲು. ಯಾವ ಕರ್ಮವನ್ನು ಮೊದಲು ಮಾಡಬೇಕೆಂಬುದನ್ನು ನಿರ್ಣಯಿಸಲು ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂದು ಆರು ಪ್ರಮಾಣಗಳನ್ನು ಹೇಳಿ, ಹಿಂದುಹಿಂದಿನದು ಮುಂದುಮುಂದಿನದಕ್ಕಿಂತ ಬಲವತ್ತರವೆಂದು ಮೀಮಾಂಸಕರು ಸ್ಥಾಪಿಸಿರುವರು. ಪಾಠಕ್ರಮಕ್ಕಿಂತ ಅರ್ಥಕ್ರಮವು ಬಲವತ್ತರವೆಂಬುದಕ್ಕೆ ಅಗ್ನಿಹೋತ್ರದ ದೃಷ್ಟಾಂತವು ಪಾಠಶಾಲೆಯ ಹುಡುಗರಿಗೆಲ್ಲ ಗೊತ್ತು. ವಾಕ್ಯದಲ್ಲಿ ಹೋಮವನ್ನು ಮೊದಲು ಹೇಳಿ ಗಂಜಿಯ ಪಾಕವನ್ನು ಆಮೇಲೆ ಹೇಳಿದೆ. ಆದರೂ ಗಂಜಿಯಿಲ್ಲದೆ ಹೋಮವೆಂತು? ಆದುದರಿಂದ ಪಾಕವೇ ಮೊದಲು. ಈ ಎಲೆಯಾಟದ ನಿಬಂಧನೆಯಲ್ಲಿಯೂ ಹೀಗೆಯೇ ಇದೆ. ಎಲೆಯ ಮೇಲೆ ಬರೆದಿರುವ ವಿಧಿಗಳನ್ನು ಬರೆದ ಕ್ರಮದಲ್ಲಿಯೇ ನಡೆಸಬೇಕು. ಆದರೆ ಕುರುಡಾಗಿ ನಡೆಸದೆ ಪೂರ್ತಿಯಾಗಿ ಓದಬೇಕು. ಮುಂದಿನ ಮಾತು ಹಿಂದಿನ ಮಾತಿನ ಅರ್ಥವನ್ನು ಬದಲಾಯಿಸಬಹುದು ಎಂದು ಅಲ್ಲಿ ಸ್ಪಷ್ಟವಾಗಿ ಎಚ್ಚರಿಸಿರುವರು. ಎಲೆಯ ಮಾತಿಗೂ ಸಾಮಾನ್ಯ ನಿಬಂಧನೆಗೂ ವಿರೋಧ ಬಂದಲ್ಲಿ ಎಲೆಯ ಮಾತೇ ಪ್ರಮಾಣ, ಇದು ಉತ್ಸರ್ಗಾಪವಾದನ್ಯಾಯ. 'ಮಾಡಬಹುದು' ಎಂಬುದಕ್ಕೂ 'ಕೂಡದು' ಎಂಬುದಕ್ಕೂ ವಿರೋಧ ಬಂದಲ್ಲಿ 'ಕೂಡದು' ಎಂಬುದೇ ಗೆಲ್ಲುವುದು. ನಿಷೇಧದ ಪ್ರಾಬಲ್ಯವು ನಮಗೆ ಹೊಸದಲ್ಲ.

ಸ್ಟ್ಯಾಕಿಗೆ ಅತಿಸಮೀಪವಾದುದು ಆರನೆಯ ಅಧ್ಯಾಯದ ಅಪಚ್ಛೇದನ್ಯಾಯ. ಜ್ಯೋತಿಷ್ಟೋಮದಲ್ಲಿ ಬಹಿಷ್ಪವಮಾನ ಸ್ತೋತ್ರಕ್ಕಾಗಿ ಋತ್ವಿಜರು ಒಬ್ಬರ ಹಿಂದೊಬ್ಬರು, ಮುಂದಿನವನ ವಸ್ತ್ರದ ಕಚ್ಚೆಯನ್ನು ಹಿಡಿದುಕೊಂಡು ಸಾಲಾಗಿ ಹೊರಡುವರು. ನಡುವೆ ಪ್ರತಿಹರ್ತೃವು ಹಿಡಿತವನ್ನು ಬಿಟ್ಟರೆ ಯಜಮಾನನು ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕು. ಉದ್ಗಾತೃವು ಬಿಟ್ಟರೆ ಯಾಗವನ್ನು ದಕ್ಷಿಣೆಯಿಲ್ಲದೆ ಮುಗಿಸಿ ಮತ್ತೆ ಆಚರಿಸಬೇಕು. ಇಬ್ಬರೂ ಬಿಟ್ಟರೆ? ಸರ್ವಸ್ವವನ್ನು ಕೊಡುವುದೂ ಏನನ್ನೂ ಕೊಡದಿರುವುದೂ ಏಕತ್ರ ಸಂಭವಿಸಲಾರವು. ಒಬ್ಬರಾದ ಮೇಲೊಬ್ಬರು ಬಿಟ್ಟಿದ್ದರೆ ಆಮೇಲೆ ಬಿಟ್ಟುದರ ಪ್ರಾಯಶ್ಚಿತ್ತವೇ ಪ್ರಬಲವೆಂದೂ, ಏಕಕಾಲದಲ್ಲಿ ಬಿಟ್ಟಿದ್ದರೆ ವಿಕಲ್ಪವೆಂದೂ ಸಿದ್ಧಾಂತ. ಮೊದಲಿನದು ಹುಟ್ಟಿದಾಗ ಎರಡನೆಯದು ಇನ್ನೂ ಹುಟ್ಟಿರಲಿಲ್ಲ. ಹುಟ್ಟದಿರುವುದನ್ನು ಅದು ಬಾಧಿಸಲಾರದು. ಎರಡನೆಯದಾದರೋ ಮೊದಲಿನದನ್ನು ಬಾಧಿಸದೆ ತಾನು ಹುಟ್ಟಲಾರದು. ಎಂತಹ ಸೂಕ್ಷ್ಮವಾದ ಯುಕ್ತಿ! ಆಟದಲ್ಲಿ ಪ್ರತಿಮಂತ್ರವನ್ನು ಪ್ರಯೋಗಿಸುವವನ ಸ್ಥಿತಿಯೂ ಇದೇ. ಭೇದವೇನೆಂದರೆ, ಆಟದಲ್ಲಿ ಪರವು ಪೂರ್ವವನ್ನು ತಾನಾಗಿಯೇ ಬಾಧಿಸುವುದಿಲ್ಲ. ಮೊದಲು ಫಲಿಸುವುದು ಮಾತ್ರ. ಪೂರ್ವದ ವಿಷಯವು ಉಳಿದಿದ್ದರೆ ಅದೂ ಫಲಿಸುವುದು.

ಪಾಣಿನಿಯೂ ಮೊದಲನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ, ತುಲ್ಯಬಲದ ಎರಡು ವಿಧಿಗಳು ಘರ್ಷಿಸಿದಲ್ಲಿ ಪರವಾದುದನ್ನು ನಡೆಸಬೇಕೆಂದು ವಿಧಿಸಿದನು. ಆದರೆ ಆಮೇಲಿನ ವೈಯಾಕರಣರು ಪರಕ್ಕಿಂತ ನಿತ್ಯವೂ, ನಿತ್ಯಕ್ಕಿಂತ ಅಂತರಂಗವೂ, ಅದಕ್ಕಿಂತ ಅಪವಾದವೂ ಪ್ರಬಲವೆಂದು ತಾರತಮ್ಯವನ್ನು ಕಲ್ಪಿಸಿದರು. ೧೯೯೩ರ ಇಂಟರಪ್ಟ್ ಪದ್ಧತಿಯು ಈ ತಾರತಮ್ಯವನ್ನು ಹೋಲುವುದು; ೧೯೯೯ರ ಸ್ಟ್ಯಾಕ್ ಪದ್ಧತಿಯು ಮೂಲಸೂತ್ರವನ್ನು ಹೋಲುವುದು. ಅಲ್ಲಿ ಕಾಲಕ್ರಮದಲ್ಲಿ ಸರಳವಾದುದು ಜಟಿಲವಾಯಿತು. ಇಲ್ಲಿ ಜಟಿಲವಾದುದು ಸರಳವಾಯಿತು.

ಪೂರ್ವವು ದುರ್ಬಲವೆಂಬುದು ಎಲ್ಲೆಡೆಯೂ ಸಲ್ಲದು. ಒಂದೇ ವಾಕ್ಯದೊಳಗೆ ಉಪಕ್ರಮವೇ ಉಪಸಂಹಾರಕ್ಕಿಂತ ಪ್ರಬಲವೆಂದು ಮೀಮಾಂಸಕರ ಮತ. ವಿಜಯನಗರದ ಕಾಲದಲ್ಲಿ ಶ್ರೀ ವ್ಯಾಸತೀರ್ಥರು ಇದನ್ನು ಖಂಡಿಸಿ ಉಪಸಂಹಾರವೇ ಪ್ರಬಲವೆಂದರು. ಅಪ್ಪಯ್ಯದೀಕ್ಷಿತರು ಉಪಕ್ರಮಪರಾಕ್ರಮವೆಂಬ ಗ್ರಂಥದಿಂದ ಪ್ರತಿವಾದಮಾಡಿದರು. ವಿಜಯೀಂದ್ರತೀರ್ಥರು ಉಪಸಂಹಾರವಿಜಯವೆಂಬ ಗ್ರಂಥದಿಂದ ಅದಕ್ಕೂ ಉತ್ತರವಿತ್ತರು. ಮೊದಲ ಮಾತೋ ಕಡೆಯ ಮಾತೋ ಎಂಬ ವಿಷಯದಲ್ಲಿಯೇ ಮಾತಿನ ಮೇಲೆ ಮಾತು ಪೇರಿದ ಈ ಚರಿತ್ರೆಯು ಕರ್ಣಾಟಕದ ವಿದ್ವತ್ತಿಗೆ ಭೂಷಣವಾಗಿದೆ.

ಇದರಿಂದ ಆ ಆಟದ ನಿಯಮವು ನಮ್ಮ ಶಾಸ್ತ್ರಗಳಿಂದಲೇ ಹೋಯಿತೆಂದು ಯಾರಾದರೂ ಹೇಳುವುದಾದರೆ ಅದು ಸಾಹಸವೇ ಸರಿ. ಗಾರ್‌ಫೀಲ್ಡನು ಶಬರಭಾಷ್ಯವನ್ನೋದಿ ಎಲೆಗಳನ್ನು ರಚಿಸಲಿಲ್ಲ. ಸಾದೃಶ್ಯವು ಬೇರೆ, ಪ್ರಭವವು ಬೇರೆ. ಎರಡು ಊರುಗಳಲ್ಲಿ ಒಂದೇ ಬಗೆಯ ಹೊಳೆಯನ್ನು ದಾಟಬೇಕಾದವರು ಒಂದೇ ಬಗೆಯ ದೋಣಿಯನ್ನು ಕಟ್ಟುವರು. ಒಬ್ಬನು ಇನ್ನೊಬ್ಬನಿಂದ ಕದ್ದನೆಂದು ಹೇಳಬೇಕಾದುದಿಲ್ಲ. ನಮ್ಮವರು ಅದೇ ಹೊಳೆಯನ್ನು ಬಹುಕಾಲಕ್ಕೆ ಮುಂಚೆಯೇ ದಾಟಿದ್ದರೆಂಬುದೇ ಸಾಕಾದಷ್ಟು ಗೌರವ.

೫

ಸುಧಾರಣೆಯು ೧೯೯೯ಕ್ಕೆ ನಿಲ್ಲಲಿಲ್ಲ. ಅಂದಿನ ನಿಬಂಧನೆಯಲ್ಲಿ ಕಾಳಗದ ಪೆಟ್ಟೂ ಮಂತ್ರದಂತೆ ಸ್ಟ್ಯಾಕಿನ ಮೇಲೇರಿ ಕುಳಿತು ಪ್ರತ್ಯುತ್ತರಕ್ಕಾಗಿ ಕಾಯುತ್ತಿದ್ದಿತು. ಇದರಿಂದ ವಿಚಿತ್ರವಾದ ಫಲವೊಂದುಂಟಾಯಿತು. 'ಮಾಗ್ ಫನಾಟಿಕ್' ಎಂಬ ಪುಟ್ಟ ಪಿಶಾಚವು ೧೯೯೭ರ ಎಲೆ. ಅದನ್ನು ಬಲಿಕೊಟ್ಟರೆ ಬೇಕಾದ ಕಡೆ ಒಂದಂಶದ ಪೆಟ್ಟು ಬೀಳುವುದು. ಜಾಣನಾದ ಆಟಗಾರನು ಅದನ್ನು ಕಾಳಗಕ್ಕಿಳಿಸಿ, ಅದರ ಏಟು ಸ್ಟ್ಯಾಕಿನ ಮೇಲಿರುವಾಗಲೇ ಅದನ್ನು ಬಲಿಕೊಡುವನು. ಸತ್ತವನ ಏಟೂ ಬೀಳುವುದು, ಬಲಿಯ ಏಟೂ ಬೀಳುವುದು. ಹೊಡೆಯುವವನು ಇಲ್ಲದಿರುವಾಗ ಹೊಡೆತವೆಲ್ಲಿಂದ ಬಂದಿತು? ಆಶ್ರಯವಿಲ್ಲದೆ ಕ್ರಿಯೆಯಿರದೆಂದು ತಾರ್ಕಿಕರು ಹೇಳುವುದು ಹೊಸ ಆಟಗಾರರಿಗೂ ತಾವಾಗಿಯೇ ತೋರಿರಬೇಕು. ೨೦೦೯ರ ಪರಿಷ್ಕಾರದಲ್ಲಿ ಕಾಳಗದ ಪೆಟ್ಟನ್ನು ಸ್ಟ್ಯಾಕಿನಿಂದ ತೆಗೆದುಹಾಕಿದರು; ಅಂದಿನಿಂದ ಅದು ಒಡನೆಯೇ ತಗಲುವುದು. ಪಳಗಿದ ಆಟಗಾರರಲ್ಲಿ ಅನೇಕರು ಯುಕ್ತಿಗೆ ಸ್ಥಳ ಕಡಮೆಯಾಯಿತೆಂದು ಹಲುಬಿದರು. ಆದರೂ ಹೊಸ ನಿಯಮವೇ ನೆಲೆನಿಂತಿತು.

ಪ್ರತ್ಯುತ್ತರಕ್ಕೆ ಅವಕಾಶವಿಲ್ಲದ ಸ್ಥಳಗಳಲ್ಲಿ ಮುಖ್ಯವಾದುವು ಇನ್ನೂ ಮೂರಿವೆ. ಅವುಗಳನ್ನು ವಿಂಗಡಿಸಿ ನೋಡುವುದು ಯುಕ್ತ. ಮೊದಲನೆಯದು, ಭೂಮಿಯಿಂದ ಮನವನ್ನು ಪಡೆಯುವುದು. ಇದು ಸ್ಟ್ಯಾಕಿಗೆ ಏರುವುದಿಲ್ಲ. ಯಾರೂ ಇದಕ್ಕೆ ಅಡ್ಡಮಾತನಾಡುವಂತಿಲ್ಲ. ಮಾತಿನ ಬೆಲೆಯನ್ನು ತೆರುವುದಕ್ಕೇ ಅಡ್ಡಿಮಾಡಿದರೆ ಮಾತನಾಡುವ ಹಕ್ಕು ಹೆಸರಿಗೆ ಮಾತ್ರ ಉಳಿಯುವುದಾದುದರಿಂದ ಇದು ನ್ಯಾಯವೇ. ಎರಡನೆಯದು, ಸ್ಥಿತಿಪರೀಕ್ಷೆ. ಯಾರಿಗಾದರೂ ಮಾತಿನ ಅವಕಾಶವನ್ನು ಕೊಡುವುದಕ್ಕೆ ಮೊದಲು, ಆಯುಸ್ಸು ತೀರಿದವನಾರು, ಸಾಯುವಷ್ಟು ಪೆಟ್ಟ ತಿಂದ ಪ್ರಾಣಿ ಯಾವುದು ಎಂದು ನೋಡಿ ಅವುಗಳನ್ನೆಲ್ಲ ಏಕಕಾಲದಲ್ಲಿ ತೀರ್ಮಾನಿಸುವರು. ಇಬ್ಬರ ಆಯುಸ್ಸೂ ಒಟ್ಟಿಗೆ ತೀರಿದ್ದರೆ ಆಟವು ಸರಿಸಮ. ಇದು ಯಾರ ಮಾತೂ ಅಲ್ಲ, ನಡೆದುಹೋದ ಸಂಗತಿ, ಸಂಗತಿಗೆ ಉತ್ತರವಿಲ್ಲ. ಭೀಷ್ಮಾಚಾರ್ಯರಿಗಿದ್ದ ಅನುಕೂಲ್ಯವು ಹೀಗೆ ೧೯೯೯ರಲ್ಲಿ ತಪ್ಪಿಹೋಯಿತು.

ಮೂರನೆಯದೇ ಚಿಂತನೀಯವಾದುದು. ೨೦೦೬ರಲ್ಲಿ ಬಂದ ಕೆಲವು ಎಲೆಗಳಿಗೆ 'ಸ್ಪ್ಲಿಟ್ ಸೆಕೆಂಡ್' ಎಂಬ ಗುಣವನ್ನು ಕೊಟ್ಟರು. ಅಂಥ ಮಂತ್ರವು ಸ್ಟ್ಯಾಕಿನ ಮೇಲಿರುವಷ್ಟು ಹೊತ್ತೂ ಯಾರೂ ಬೇರೊಂದು ಮಂತ್ರವನ್ನು ಪ್ರಯೋಗಿಸುವಂತಿಲ್ಲ. ಹಳೆಯ ಇಂಟರಪ್ಟಿನ ದರ್ಪವು ಹಿಂಬಾಗಿಲಿನಿಂದ ಮರಳಿತೆಂದೇ ಹೇಳಬೇಕು. ಆದರೆ ಈಗ ಅದು ಒಂದು ಇಡೀ ಜಾತಿಯ ಹಕ್ಕಲ್ಲ. ಕೆಲವೇ ಎಲೆಗಳ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿಟ್ಟ ಅಪವಾದ. ಸಾಮಾನ್ಯ ನಿಯಮವು ನ್ಯಾಯವಾಗಿದ್ದು ಅಪವಾದಗಳು ವಿರಳವಾಗಿಯೂ ಬಹಿರಂಗವಾಗಿಯೂ ಇದ್ದರೆ ವ್ಯವಸ್ಥೆಯು ಕೆಡಲಾರದು. ಅಪವಾದವೇ ಸಾಮಾನ್ಯವಾದಾಗ ಕೆಡುವುದು.

ಏಕಕಾಲದಲ್ಲಿ ಇಬ್ಬರಿಗೂ ತಾನಾಗಿ ಒದಗಿದ ಫಲಗಳ ವಿಷಯದಲ್ಲಿ ನಿಬಂಧನೆಯು ಮೀಮಾಂಸಕರ ವಿಕಲ್ಪವನ್ನು ಒಪ್ಪಲಿಲ್ಲ. ಯಾರ ಸರದಿಯೋ ಅವನು ತನ್ನವುಗಳನ್ನು ಮೊದಲು ಸ್ಟ್ಯಾಕಿನ ಮೇಲಿಡತಕ್ಕದ್ದು, ಎದುರಾಳಿಯು ಆಮೇಲೆ. ಮೊದಲಿಟ್ಟುದು ಕಡೆಗೆ ಫಲಿಸುವುದಾದುದರಿಂದ ಎದುರಾಳಿಯದೇ ಮೊದಲು ಫಲಿಸುವುದು. ಸರದಿಯ ಒಡೆಯನಿಗೆ ಮಾತನಾಡುವುದರಲ್ಲಿ ಅಗ್ರಸ್ಥಾನ. ಫಲದಲ್ಲಿ ಅಗ್ರಸ್ಥಾನವು ಇನ್ನೊಬ್ಬನಿಗೆ. ಮನೆಗೆ ಯಜಮಾನನಾದವನು ಅತಿಥಿಗೆ ಮೊದಲು ಬಡಿಸಿ ತಾನು ಆಮೇಲೆ ಉಣ್ಣುವಂತೆ ಈ ನಿಯಮವು ಸೊಗಸಾಗಿದೆ.

೬

ಈ ಚರಿತ್ರೆಯನ್ನು ಒಟ್ಟುಗೂಡಿಸಿ ನೋಡಿದರೆ, ಬಿದ್ದುಹೋದುದು ಯಾವುದು, ಉಳಿದುದು ಯಾವುದು ಎಂಬುದು ಸ್ಪಷ್ಟವಾಗುವುದು. ಜಾತಿಯಿಂದ ಬಂದ ಪ್ರಾಬಲ್ಯವು ಬಿದ್ದುಹೋಯಿತು. ಒಮ್ಮೆ ಮುಚ್ಚಿದರೆ ತೆರೆಯದ ಕಂತೆಯ ಬಾಗಿಲು ಬಿದ್ದುಹೋಯಿತು. ಸತ್ತವನ ಏಟು ಬಿದ್ದುಹೋಯಿತು. ಉಳಿದುದು ಒಂದೇ: ಎದುರಾಳಿಗೆ ಉತ್ತರಕೊಡುವ ಅವಕಾಶವಿಲ್ಲದೆ ಯಾವ ಮಾತೂ ಫಲಿಸಬಾರದೆಂಬ ತತ್ತ್ವ.

ಈ ತತ್ತ್ವಕ್ಕೆ ನಮ್ಮ ನಾಡಿನಲ್ಲಿ ಪ್ರೌಢವಾದ ಸಾಕ್ಷಿಯಿದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವಾದ ಕಲ್ಯಾಣಪುರದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಅದರಲ್ಲಿ ವ್ಯವಹಾರಕ್ಕೆ, ಎಂದರೆ ನ್ಯಾಯಸ್ಥಾನದ ವಿಚಾರಣೆಗೆ, ನಾಲ್ಕು ಪಾದಗಳನ್ನು ಹೇಳಿದೆ: ವಾದಿಯ ಹೇಳಿಕೆಯಾದ ಭಾಷಾಪಾದ, ಪ್ರತಿವಾದಿಯ ಉತ್ತರಪಾದ, ಸಾಕ್ಷ್ಯಪ್ರಮಾಣಗಳ ಕ್ರಿಯಾಪಾದ, ತೀರ್ಪಿನ ಸಾಧ್ಯಸಿದ್ಧಿಪಾದ. ಉತ್ತರವಾಗದೆ ಕ್ರಿಯೆಯಿಲ್ಲ, ಕ್ರಿಯೆಯಾಗದೆ ಸಿದ್ಧಿಯಿಲ್ಲ. ವಾದಿಯು ಎಷ್ಟೇ ಬಲವಂತನಾಗಿರಲಿ, ಅವನ ಮಾತು ಪ್ರತಿವಾದಿಯ ಬಾಯಿಯನ್ನು ಹಾಯ್ದೇ ತೀರ್ಪಿನವರೆಗೆ ಹೋಗಬೇಕು. ಭಾರತದೇಶದ ಬಹುಭಾಗದಲ್ಲಿ ದಾಯವಿಭಾಗಕ್ಕೆ ಆಧಾರವಾಗಿದ್ದ ಆ ಗ್ರಂಥವನ್ನು ನಮ್ಮ ಜನರು ಆಸ್ತಿಯ ಪಾಲಿನ ಪ್ರಸಂಗದಲ್ಲಿ ಮಾತ್ರ ನೆನೆಯುವರು. ಅದರ ವ್ಯವಹಾರಕ್ರಮವು ಹೆಚ್ಚಾಗಿ ಸ್ಮರಣೀಯವಾದುದು.

ಪಾಠಶಾಲೆಗಳಲ್ಲಿ ಮೀಮಾಂಸೆಯನ್ನು ಓದುವವರು ವಿರಳವಾಗುತ್ತಿರುವರು. ಯಾಗಗಳೇ ಅಪರೂಪವಾದ ಮೇಲೆ ಋತ್ವಿಜನು ವಸ್ತ್ರವನ್ನು ಬಿಟ್ಟರೇನು ಹಿಡಿದರೇನು ಎಂದು ಕೇಳುವ ವಿದ್ಯಾರ್ಥಿಗೆ ಉತ್ತರವನ್ನು ಹೇಳುವುದು ಅಧ್ಯಾಪಕರಿಗೆ ಕಷ್ಟವಾಗಿದೆ. ಅಂಥವರು ಆ ಹುಡುಗನ ಕೈಯಲ್ಲಿರುವ ಎಲೆಗಳನ್ನೇ ತೋರಿಸಬಹುದು. ಸಿಡಿಲು ಮೊದಲೋ ವೃದ್ಧಿ ಮೊದಲೋ ಎಂದು ಜಗಳವಾಡುವ ಹುಡುಗನು ತನಗರಿಯದೆಯೇ ಮೀಮಾಂಸೆಯ ಅಧಿಕಾರಿಯಾಗಿರುವನು. ಅವನಿಗೆ ಅಪಚ್ಛೇದವನ್ನು ಹೇಳಿದರೆ ಅರ್ಥವಾಗುವುದು. ಮಿತಾಕ್ಷರೆಯ ಉತ್ತರಪಾದವನ್ನು ಹೇಳಿದರೆ ಇನ್ನೂ ಚೆನ್ನಾಗಿ ಅರ್ಥವಾಗುವುದು. ಮುಂದೆ ಅವನು ಪಂಚಾಯಿತಿಯಲ್ಲಿಯೋ ಸಂಘದ ಸಭೆಯಲ್ಲಿಯೋ ಅಧ್ಯಕ್ಷನಾಗಿ ಕುಳಿತಾಗ, ಠರಾವು ಮಂಡನೆಯಾದೊಡನೆ ಮಂಜೂರಾಯಿತೆಂದು ಬರೆಯುವ ಅವಸರಕ್ಕೆ ಬೀಳದೆ, ಎರಡು ಕಡೆಯ ಮುಖಗಳನ್ನೂ ಒಮ್ಮೆ ನೋಡಿ, 'ನಿಮ್ಮದೇನಾದರೂ ಉಂಟೋ?' ಎಂದು ಕೇಳುವ ಅಭ್ಯಾಸವನ್ನು ಆ ಆಟದಿಂದಲೇ ಪಡೆದಿದ್ದರೆ, ಅವನು ಬಾಲ್ಯದಲ್ಲಿ ಎಲೆಗಳಿಗಾಗಿ ಮಾಡಿದ ವೆಚ್ಚವು ವ್ಯರ್ಥವಾಯಿತೆಂದು ಹಿರಿಯರು ಹೇಳಲಾರರು.